ವಿದ್ಯಾರ್ಥಿ ಗೆದ್ದರೆ ಏನು ಕೊಡಬೇಕು?



ಈ ದತ್ತಿ ಉಪನ್ಯಾಸದಲ್ಲಿ ನಮ್ಮ ದೇಶದ ಸೆಮಿಕಂಡಕ್ಟರ್ ಸಮ್ಮೇಳನಗಳ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿದರು. ಅಂಥ ಸಮ್ಮೇಳನಕ್ಕೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಸಭಾಂಗಣ, ಉದ್ಘಾಟನಾ ಭಾಷಣ, ಕಂಪನಿಗಳ ಮಳಿಗೆಗಳು, ಒಪ್ಪಂದಕ್ಕೆ ಸಹಿ ಹಾಕುವ ವೇದಿಕೆ. ಅದೆಲ್ಲ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ನಾನು ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿರುವುದು ಅದೇ ಕಟ್ಟಡದ ಇನ್ನೊಂದು ಮೂಲೆಗೆ. ಊಟದ ಹಾಲ್‌ಗೆ ಹೋಗುವ ದಾರಿಯಲ್ಲಿ ಸಾಲಾಗಿ ಬೋರ್ಡುಗಳನ್ನು ನಿಲ್ಲಿಸಿರುತ್ತಾರೆ. ಒಂದೊಂದು ಬೋರ್ಡಿಗೂ ಒಂದು ಪೋಸ್ಟರ್, ಅದರ ಪಕ್ಕ ಒಬ್ಬ ಎಂ.ಟೆಕ್ ಅಥವಾ ಪಿಎಚ್‌ಡಿ ವಿದ್ಯಾರ್ಥಿ. ತೀರ್ಪುಗಾರರು ಬರುತ್ತಾರೆ, ಐದು ಹತ್ತು ನಿಮಿಷ ಪ್ರಶ್ನೆ ಕೇಳುತ್ತಾರೆ, ಗುರುತು ಹಾಕಿಕೊಂಡು ಮುಂದೆ ಹೋಗುತ್ತಾರೆ. ಕೊನೆಯ ದಿನ ಗೆದ್ದವರಿಗೆ ಒಂದು ಫಲಕ, ಒಂದು ಚೆಕ್ಕು. ನಾನು ಇಂದು ಹೇಳಬೇಕೆಂದಿರುವ ಮಾತು ಒಂದೇ: ಆ ವಿದ್ಯಾರ್ಥಿಗೆ ನಾವು ಕೊಡಬೇಕಾದ ಬಹುಮಾನ ಸಿಲಿಕಾನಿನ ಮೇಲೆ ಒಂದಿಷ್ಟು ಜಾಗ, ಆಮೇಲೆ ಅದನ್ನು ಅಳೆದು ನೋಡಲು ಒಂದು ವರ್ಷದ ಅವಕಾಶ.

ಈ ಮಾತಿಗೆ ಹಿನ್ನೆಲೆಯಾಗಿ ಸ್ವಲ್ಪ ಇತಿಹಾಸ. ನಮ್ಮಲ್ಲಿ ಈ ಕ್ಷೇತ್ರದ ಹಳೆಯ, ಗಟ್ಟಿಯಾದ ಸಮ್ಮೇಳನವೆಂದರೆ ಪ್ರತಿ ಜನವರಿಯಲ್ಲಿ ನಡೆಯುವ ವಿಎಲ್‌ಎಸ್‌ಐ ಡಿಸೈನ್ ಸಮ್ಮೇಳನ. 1985ರಲ್ಲಿ ಮದ್ರಾಸಿನಲ್ಲಿ ಚಿಕ್ಕ ಕಾರ್ಯಾಗಾರವಾಗಿ ಶುರುವಾದದ್ದು ಅದು. ಆಗ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ವಿಶ್ವಾನಿ ಅಗರವಾಲ್ ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮೊದಲಿಗರು. ಹೊರದೇಶದಲ್ಲಿದ್ದ ನಮ್ಮವರು ರಜೆಗೆ ಊರಿಗೆ ಬರುವ ಕಾಲವೂ ಜನವರಿಯೇ ಆದದ್ದು ಒಳ್ಳೆಯದೇ ಆಯಿತು. ಊರಿಂದೂರಿಗೆ ಹೋಗುತ್ತಾ ಅದು ಬೆಂಗಳೂರಿಗೂ ಹಲವು ಸಲ ಬಂದಿದೆ. 2025ರ ಜನವರಿಯಲ್ಲಿ ಇಲ್ಲಿ ನಡೆದದ್ದು 38ನೆಯದು. ಪ್ರಬಂಧ ಮಂಡನೆಯ ಜೊತೆಗೆ ಅಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳ ಫೋರಂ ಇದೆ, ವಿನ್ಯಾಸ ಸ್ಪರ್ಧೆ ಇದೆ, ಸಣ್ಣ ಊರಿನ ಕಾಲೇಜುಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬಂದುಹೋಗಲು ಫೆಲೋಶಿಪ್ ಇದೆ. ಈ ಕೊನೆಯದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ. ಬಾಗಲಕೋಟೆಯಿಂದಲೋ ಸುಳ್ಯದಿಂದಲೋ ಬರುವ ಹುಡುಗಿಗೆ ತಾನು ಓದಿದ ಪ್ರಬಂಧ ಬರೆದವರೇ ಎದುರಿಗೆ ನಿಂತು ಮಾತಾಡಿಸುವುದು ಎಂಥ ಅನುಭವವೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಅದೇ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆಯಿತು. ಉಪಗ್ರಹ ಸಂಪರ್ಕದ ಉಪಕರಣವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕತೆಯನ್ನು ಈ ಊರಿನ ಹಳಬರು ಇನ್ನೂ ಹೇಳುತ್ತಾರೆ. ಅಲ್ಲಿಂದ ಮುಂದೆ ಒಂದರ ಹಿಂದೆ ಒಂದು ಕಂಪನಿ ಬಂತು. ಜಗತ್ತಿನ ಚಿಪ್ ವಿನ್ಯಾಸಕರಲ್ಲಿ ಸುಮಾರು ಐದರಲ್ಲಿ ಒಬ್ಬರು ಇಂದು ಭಾರತದಲ್ಲಿದ್ದಾರೆ ಎಂಬುದು ಉದ್ಯಮದವರು ಒಪ್ಪುವ ಲೆಕ್ಕ; ಅವರಲ್ಲಿ ದೊಡ್ಡ ಪಾಲು ಇದೇ ನಗರದಲ್ಲಿದೆ. ಆದರೆ ಅವರು ಬರೆದ ನಕ್ಷೆ ಚಿಪ್ ಆಗುವುದು ತೈವಾನಿನಲ್ಲಿ, ಕೊರಿಯಾದಲ್ಲಿ. ಕಂಪನಿಗೆ ಅದರಿಂದ ತೊಂದರೆಯಿಲ್ಲ. ಚಿಪ್ ತಯಾರಿಸುವ ಕಾರ್ಖಾನೆ, ಅಂದರೆ ಫ್ಯಾಬ್, ಎಲ್ಲಿದ್ದರೂ ಚಿಪ್‌ಗಳನ್ನು ಹೊತ್ತ ಸಿಲಿಕಾನ್ ಬಿಲ್ಲೆ, ಅಂದರೆ ವೇಫರ್, ಅದಕ್ಕೆ ಬರುತ್ತದೆ. ತೊಂದರೆಯಾದದ್ದು ವಿದ್ಯಾರ್ಥಿಗೆ. ವಿನ್ಯಾಸ ಕಲಿತ ನಮ್ಮ ಮಕ್ಕಳಲ್ಲಿ ಬಹುಪಾಲು ಮಂದಿ ತಾವು ವಿನ್ಯಾಸ ಮಾಡಿದ ಚಿಪ್ಪನ್ನು ಕೈಯಲ್ಲಿ ಹಿಡಿಯದೆಯೇ ಪದವಿ ಪಡೆದು ಹೊರಗೆ ಬಂದರು.

ಇದರಿಂದ ಏನು ನಷ್ಟ ಎಂದು ಕೇಳಬಹುದು. ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿದರೆ ಸಾಲದೇ? ಒಂದು ಉದಾಹರಣೆಯನ್ನು ತುಸು ಹತ್ತಿರದಿಂದ ನೋಡೋಣ.

ಒಂದು ಸಮ್ಮೇಳನದ ಪೋಸ್ಟರ್ ಸಾಲಿನಲ್ಲಿ ತೀರ್ಪುಗಾರನಾಗಿ ಹೋಗಿದ್ದೆ. ಒಬ್ಬ ವಿದ್ಯಾರ್ಥಿನಿ ಹೃದಯದ ಬಡಿತ ಓದುವ ಸಣ್ಣ ಆಂಪ್ಲಿಫೈಯರ್ ವಿನ್ಯಾಸ ಮಾಡಿದ್ದಳು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಎದೆಗೆ ಅಂಟಿಸಿ ದಿನಗಟ್ಟಲೆ ಬಿಡಬಹುದಾದ ಇಸಿಜಿ ಪಟ್ಟಿ ಅವಳ ಕನಸು. ಚರ್ಮದ ಮೇಲೆ ಸಿಗುವ ಹೃದಯದ ಸಂಕೇತ ಸುಮಾರು ಒಂದು ಮಿಲಿವೋಲ್ಟ್, ಅದರಲ್ಲಿ ಒಂದು ಹರ್ಟ್ಸ್‌ಗಿಂತಲೂ ನಿಧಾನದ ಅಂಶಗಳಿವೆ. ಅವನ್ನು ಕಳೆದುಕೊಳ್ಳದೆ ಹಿಡಿಯಬೇಕಾದರೆ ದೊಡ್ಡ ಕೆಪಾಸಿಟರ್ ಬೇಕು, ಇಲ್ಲವೇ ವಿಪರೀತ ದೊಡ್ಡ ರೆಸಿಸ್ಟರ್ ಬೇಕು. ಚಿಪ್ಪಿನೊಳಗೆ ದೊಡ್ಡ ಕೆಪಾಸಿಟರಿಗೆ ಜಾಗವಿಲ್ಲ. ಹಾಗಾಗಿ ಟ್ರಾನ್ಸಿಸ್ಟರುಗಳನ್ನೇ ಜೋಡಿಸಿ ಹತ್ತು ಸಾವಿರ ಕೋಟಿ ಓಮ್‌ಗಳಷ್ಟು ದೊಡ್ಡ ರೆಸಿಸ್ಟರಿನಂತೆ ವರ್ತಿಸುವ ಹಾಗೆ ಮಾಡುತ್ತಾರೆ. ಅವಳೂ ಅದನ್ನೇ ಮಾಡಿದ್ದಳು. ಗ್ರಾಫ್ ಚೆನ್ನಾಗಿತ್ತು, ಗೆರೆ ನುಣುಪಾಗಿತ್ತು.

“ಅಳೆದು ನೋಡಿದ್ದೀಯೇನಮ್ಮ?” ಎಂದು ಕೇಳಿದೆ.

“ಇಲ್ಲ ಸರ್, ಸಿಮ್ಯುಲೇಶನ್ ಮಾತ್ರ. ಮಾಂಟೆ ಕಾರ್ಲೊ ಮಾಡಿದ್ದೇನೆ. ಲೇಔಟ್ ಆಗಿದೆ, ಡಿಆರ್‌ಸಿ ಕ್ಲೀನ್ ಇದೆ. ಶಟಲ್‌ಗೆ ಕಳಿಸೋಕೆ ನಮ್ಮ ಕಾಲೇಜಲ್ಲಿ ದುಡ್ಡಿಲ್ಲ ಸರ್.”

ಡಿಆರ್‌ಸಿ ಕ್ಲೀನ್ ಎಂದರೆ ನಕ್ಷೆ ಫ್ಯಾಬಿನ ನಿಯಮಗಳಿಗೆ ಒಪ್ಪುತ್ತದೆ ಎಂದರ್ಥ; ಶಟಲ್ ಏನೆಂದು ಮುಂದೆ ಹೇಳುತ್ತೇನೆ. ಮಾಂಟೆ ಕಾರ್ಲೊ ಎಂದರೆ ಒಂದೇ ಸರ್ಕ್ಯೂಟನ್ನು ಟ್ರಾನ್ಸಿಸ್ಟರುಗಳ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ನೂರಾರು ಸಲ ಓಡಿಸಿ ನೋಡುವುದು. ಪಕ್ಕಪಕ್ಕದಲ್ಲಿ ಒಂದೇ ಅಳತೆಗೆ ಬರೆದ ಎರಡು ಟ್ರಾನ್ಸಿಸ್ಟರುಗಳೂ ಸಿಲಿಕಾನಿನಲ್ಲಿ ತದ್ರೂಪವಾಗಿ ಬರುವುದಿಲ್ಲ. ಆ ವ್ಯತ್ಯಾಸ ಟ್ರಾನ್ಸಿಸ್ಟರಿನ ವಿಸ್ತೀರ್ಣದ ವರ್ಗಮೂಲಕ್ಕೆ ವಿಲೋಮವಾಗಿ ಕಡಿಮೆಯಾಗುತ್ತದೆ ಎಂಬುದನ್ನು ಫಿಲಿಪ್ಸ್ ಕಂಪನಿಯ ಪೆಲ್‌ಗ್ರಾಮ್ ಮತ್ತು ಸಂಗಡಿಗರು 1989ರಲ್ಲಿ ಅಳೆದು ತೋರಿಸಿದರು. ಹುಡುಗಿಗೆ ಅದೆಲ್ಲ ಗೊತ್ತಿತ್ತು. ಅವಳು ತನ್ನ ಮೇಜಿನ ಮೇಲೆ ಕೂತು ಮಾಡಬಹುದಾದ ಎಲ್ಲವನ್ನೂ ಮಾಡಿದ್ದಳು.

ಅದೇ ಸಾಲಿನಲ್ಲಿ ನಾಲ್ಕು ಬೋರ್ಡು ದಾಟಿ ಇನ್ನೊಬ್ಬ ವಿದ್ಯಾರ್ಥಿ ಇದ್ದ. ಅವನದೂ ಹೆಚ್ಚುಕಡಿಮೆ ಇಂಥದ್ದೇ ಆಂಪ್ಲಿಫೈಯರ್. ಅವನ ಸಂಸ್ಥೆಗೆ ಅವಕಾಶ ಇದ್ದುದರಿಂದ ಚಿಪ್ ಮಾಡಿಸಿ ತಂದಿದ್ದ. ಗ್ರಾಫ್ ಒರಟಾಗಿತ್ತು. ಅವನು ಹೇಳಿದ ಕತೆ ನನಗೆ ಇಂದಿಗೂ ಮನಸ್ಸಿನಲ್ಲಿದೆ. ಪ್ರೋಬ್ ಸ್ಟೇಷನ್ನಿನಲ್ಲಿ ಬರಿಯ ಡೈ ಇಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕೂದಲಿಗಿಂತ ಸಣ್ಣ ಸೂಜಿಯ ಮೊನೆಯನ್ನು ಅಲ್ಯೂಮಿನಿಯಂ ಪ್ಯಾಡಿನ ಮೇಲೆ ಇಳಿಸಬೇಕು. ಪ್ಯಾಡಿನ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಸೂಜಿ ತಾಕಿದ ಕಡೆ ಸಣ್ಣ ಗೀರು ಬಿದ್ದರೆ ಸರಿಯಾಗಿ ಕೂತಿದೆ ಎಂದರ್ಥ. ಎಲ್ಲ ಸರಿಯಾಗಿ ಕೂತಿತ್ತು, ಆದರೆ ಔಟ್‌ಪುಟ್ ಒಂದು ಕಡೆಗೆ ಹೋಗಿ ಅಂಟಿಕೊಂಡಿತ್ತು. ಲೇಔಟ್ ನೋಡಿದ, ವೈರು ನೋಡಿದ, ಸಪ್ಲೈ ಬದಲಿಸಿದ. ಗೈಡ್ ಕೂಡ ಬಂದು ಕೂತರು. ಕೊನೆಗೆ ಒಂದು ಸಂಜೆ ಊಟಕ್ಕೆ ಹೊರಡುವಾಗ ಮೈಕ್ರೋಸ್ಕೋಪಿನ ದೀಪ ಆರಿಸಿದ. ಆಸಿಲೋಸ್ಕೋಪಿನ ಪರದೆಯ ಮೇಲೆ ಸಂಕೇತ ತಾನಾಗಿ ಮೇಲೆದ್ದು ಬಂತು.

ಕಾರಣ ಸರಳ. ಸಿಲಿಕಾನಿನ ಜಂಕ್ಷನ್ನುಗಳು ಬೆಳಕು ಬಿದ್ದರೆ ಕರೆಂಟು ಹುಟ್ಟಿಸುತ್ತವೆ. ಸೌರ ಫಲಕ ಕೆಲಸ ಮಾಡುವುದೂ ಹಾಗೆಯೇ. ಹತ್ತು ಸಾವಿರ ಕೋಟಿ ಓಮ್‌ನ ರೆಸಿಸ್ಟರಿನಲ್ಲಿ ಹರಿಯುವ ಕರೆಂಟು ಎಷ್ಟು ಕಡಿಮೆಯೆಂದರೆ ದೀಪದ ಬೆಳಕಿನಿಂದ ಹುಟ್ಟಿದ ಕರೆಂಟಿಗೆ ಅದು ತಲೆಬಾಗಲೇಬೇಕು. ಆದರೆ ಆ ದಿನದವರೆಗೂ ಅವನ ಸಿಮ್ಯುಲೇಶನ್ನಿನಲ್ಲಿ ಬೆಳಕು ಎಂಬ ವಸ್ತುವೇ ಇರಲಿಲ್ಲ. ಆ ಹುಡುಗ ಆಮೇಲೆ ಲೋಹದ ಪದರದಿಂದ ಆ ಭಾಗವನ್ನು ಮುಚ್ಚಿ ಹೊಸ ಲೇಔಟ್ ಮಾಡಿದ್ದ. ಎದೆಗೆ ಅಂಟಿಸುವ ಪಟ್ಟಿ ಬಿಸಿಲಿನಲ್ಲಿ ಓಡಾಡುವ ರೈತನ ಮೈಮೇಲೆ ಇರುತ್ತದೆ ಎಂದು ಯೋಚಿಸಿ ನೋಡಿ. ಇದು ಲ್ಯಾಬಿನ ಪುಟ್ಟ ತಮಾಷೆಯ ಘಟನೆಯಾಗಿ ಉಳಿಯುವುದಿಲ್ಲ.

ಆ ದಿನ ತೀರ್ಪುಗಾರರ ನಡುವೆ ವಾದವಾಯಿತು. ನುಣುಪು ಗ್ರಾಫಿಗೆ ಹೆಚ್ಚು ಅಂಕ ಬರಬೇಕೆಂದವರಿದ್ದರು; ಅಂಕಿಗಳು ಅವಳವೇ ಚೆನ್ನಾಗಿದ್ದವು. ನಾನು ಹೇಳಿದ್ದು ಬೇರೆ. ಇಬ್ಬರ ಬುದ್ಧಿಯಲ್ಲೂ ವ್ಯತ್ಯಾಸವಿಲ್ಲ, ಶ್ರಮದಲ್ಲೂ ಇಲ್ಲ. ಒಬ್ಬನ ಕಾಲೇಜಿಗೆ ಸಿಲಿಕಾನ್ ಎಟುಕುತ್ತದೆ, ಇನ್ನೊಬ್ಬಳದಕ್ಕೆ ಎಟುಕುವುದಿಲ್ಲ. ನಾವು ಅವರನ್ನು ಹೋಲಿಸುತ್ತಿರುವುದೇ ಸರಿಯಲ್ಲ. ಅವಳಿಗೂ ಚಿಪ್ ಮಾಡಿಸಿಕೊಟ್ಟು ಮುಂದಿನ ವರ್ಷ ಇಬ್ಬರನ್ನೂ ಕರೆಯೋಣ. ಆದರೆ ಹಾಗೆ ಮಾಡುವ ನಿಯಮ ಆ ಸ್ಪರ್ಧೆಯಲ್ಲಿ ಇರಲಿಲ್ಲ.

ಬೇರೆ ಕಡೆ ಇದು ಹೇಗೆ ನಡೆಯಿತೆಂದು ನೋಡಿದರೆ ನನ್ನ ಹಟಕ್ಕೆ ಕಾರಣ ತಿಳಿಯುತ್ತದೆ. ಇಂದು ಪ್ರಪಂಚದ ಪ್ರತಿ ಸರ್ಕ್ಯೂಟ್ ವಿನ್ಯಾಸಕನೂ ಬಳಸುವ ಸ್ಪೈಸ್ ಎಂಬ ಸಿಮ್ಯುಲೇಶನ್ ಪ್ರೋಗ್ರಾಂ ಹುಟ್ಟಿದ್ದೇ ಒಂದು ತರಗತಿಯಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕ್ಯಾಂಪಸ್ಸಿನಲ್ಲಿ ರಾನ್ ರೋರರ್ ಎಂಬ ಅಧ್ಯಾಪಕರು ತಮ್ಮ ತರಗತಿಯ ವಿದ್ಯಾರ್ಥಿಗಳಿಗೆಲ್ಲ ಸೇರಿ ಒಂದು ಸಿಮ್ಯುಲೇಟರ್ ಬರೆಯಿರಿ ಎಂದರು. ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಇನ್ನೊಬ್ಬ ಪ್ರಾಧ್ಯಾಪಕ, ಡೊನಾಲ್ಡ್ ಪೆಡರ್ಸನ್. ಅವರು ಒಪ್ಪಿದರೆ ತರಗತಿ ಪಾಸು. ಅದರಿಂದ ಬೆಳೆದು ಬಂದದ್ದು ಲಾರೆನ್ಸ್ ನೇಗಲ್ ಎಂಬ ಸಂಶೋಧನಾ ವಿದ್ಯಾರ್ಥಿಯ ಸ್ಪೈಸ್. 1973ರ ಏಪ್ರಿಲ್‌ನಲ್ಲಿ ಕೆನಡಾದ ವಾಟರ್‌ಲೂನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಅದನ್ನು ಮಂಡಿಸಲಾಯಿತು. 1975ರಲ್ಲಿ ಅದರ ಎರಡನೆಯ ರೂಪ ನೇಗಲ್ ಅವರ ಪಿಎಚ್‌ಡಿ ಪ್ರಬಂಧವಾಯಿತು. ಪೆಡರ್ಸನ್ ಅದನ್ನು ಯಾರಿಗೂ ಮಾರಬಾರದು, ಕೇಳಿದವರಿಗೆಲ್ಲ ಕೊಡಬೇಕೆಂದು ಹಟ ಹಿಡಿದರು.

ಈ ಕತೆಯಲ್ಲಿ ಸಾಮಾನ್ಯವಾಗಿ ಹೇಳದೆ ಬಿಟ್ಟುಬಿಡುವ ಒಂದು ಸಂಗತಿಯಿದೆ. ಅದೇ ಪೆಡರ್ಸನ್ 1960ರ ದಶಕದ ಆರಂಭದಲ್ಲಿಯೇ, ವಿಶ್ವವಿದ್ಯಾಲಯದಲ್ಲಿ ಐಸಿ ಮಾಡಲಾಗದು ಎಂದು ಎಲ್ಲರೂ ಹೇಳುತ್ತಿದ್ದಾಗ, ಬರ್ಕ್‌ಲಿಯಲ್ಲಿ ಐಸಿ ತಯಾರಿಸುವ ಲ್ಯಾಬ್ ಕಟ್ಟಿದ್ದರು. ಸಿಮ್ಯುಲೇಟರ್ ಹುಟ್ಟಿದ್ದು ಸಿಲಿಕಾನ್ ಕೈಗೆ ಸಿಗುವ ಜಾಗದಲ್ಲಿ. ಮಾದರಿ ತಪ್ಪಿದ್ದರೆ ಆ ಲ್ಯಾಬಿನ ಅಳತೆ ಅದನ್ನು ಹೇಳಿಬಿಡುತ್ತಿತ್ತು. ನಾವು ಆ ಸಿಮ್ಯುಲೇಟರನ್ನು ತಂದುಕೊಂಡೆವು, ಅದರ ಹಿಂದಿನ ಲ್ಯಾಬನ್ನು ತರಲಿಲ್ಲ.

ಇನ್ನೊಬ್ಬರ ಹೆಸರು ಹೇಳಲೇಬೇಕು: ಲಿನ್ ಕಾನ್ವೇ. 2024ರ ಜೂನ್‌ನಲ್ಲಿ ಅವರು ತೀರಿಕೊಂಡಾಗ ನಮ್ಮ ಪತ್ರಿಕೆಗಳಲ್ಲಿ ಅಷ್ಟಾಗಿ ಸುದ್ದಿಯಾಗಲಿಲ್ಲ ಎಂಬುದು ನನಗೆ ಬೇಸರದ ವಿಷಯ. ಹೆಣ್ಣಾಗಿ ಬದುಕಲು ನಿರ್ಧರಿಸಿದ ಕಾರಣಕ್ಕೆ 1968ರಲ್ಲಿ ಐಬಿಎಂ ಅವರನ್ನು ಕೆಲಸದಿಂದ ತೆಗೆಯಿತು. ಕಂಪನಿ ಕ್ಷಮೆ ಕೇಳಿದ್ದು 2020ರಲ್ಲಿ. ನಡುವಿನ ವರ್ಷಗಳಲ್ಲಿ ಅವರು ಹೊಸದಾಗಿ ಬದುಕು ಕಟ್ಟಿಕೊಂಡು, ಕಾರ್ವರ್ ಮೀಡ್ ಜೊತೆ ಸೇರಿ ಚಿಪ್ ವಿನ್ಯಾಸವನ್ನು ಸಾಮಾನ್ಯ ವಿದ್ಯಾರ್ಥಿಗೂ ಕಲಿಸಬಹುದಾದ ವಿದ್ಯೆಯಾಗಿ ಮಾಡಿದರು. 1978ರಲ್ಲಿ ಎಂಐಟಿಯಲ್ಲಿ ಪಾಠ ಮಾಡಿದ ಅವರು ಮರುವರ್ಷ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಿಂದ ಒಂದು ಸಾಹಸ ಮಾಡಿದರು. ಹನ್ನೆರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ ತಮ್ಮ ವಿನ್ಯಾಸಗಳನ್ನು ಆಗಿನ ಕಂಪ್ಯೂಟರ್ ಜಾಲದ ಮೂಲಕ ಅವರಿಗೆ ಕಳಿಸಿದರು. ಎಂಬತ್ತಕ್ಕೂ ಹೆಚ್ಚು ವಿನ್ಯಾಸಗಳನ್ನು ಒಟ್ಟಿಗೆ ಸೇರಿಸಿ ಹ್ಯೂಲೆಟ್ ಪ್ಯಾಕರ್ಡ್ ಫ್ಯಾಬಿಗೆ ಕೊಟ್ಟರು. ಗಡುವು ಮುಗಿದ 29 ದಿನಗಳಲ್ಲಿ ಪ್ಯಾಕೇಜ್ ಆದ ಚಿಪ್‌ಗಳು ವಿದ್ಯಾರ್ಥಿಗಳ ಕಡೆಗೆ ಹೊರಟಿದ್ದವು.

ಅದರ ಉಪಾಯ ಇಷ್ಟೇ: ಒಂದು ವೇಫರಿಗೆ ತಗಲುವ ಖರ್ಚು ದೊಡ್ಡದು, ಒಬ್ಬ ವಿದ್ಯಾರ್ಥಿಗೆ ಬೇಕಾದ ಜಾಗ ಚಿಕ್ಕದು. ಜಾತ್ರೆಗೆ ಹೋಗಲು ಊರಿನ ನಾಲ್ಕಾರು ಮನೆಯವರು ಸೇರಿ ಒಂದು ವ್ಯಾನ್ ಗೊತ್ತು ಮಾಡುವ ಹಾಗೆ, ಎಲ್ಲರೂ ಒಂದೇ ವೇಫರನ್ನು ಹಂಚಿಕೊಂಡು ಖರ್ಚನ್ನು ಹಂಚಿಕೊಳ್ಳುವುದು. ಇದನ್ನೇ ಶಟಲ್ ಎನ್ನುತ್ತೇವೆ. ಆ ಸಲದ ವಿನ್ಯಾಸಗಳಲ್ಲಿ ಸ್ಟ್ಯಾನ್‌ಫೋರ್ಡಿನ ಜಿಮ್ ಕ್ಲಾರ್ಕ್ ಅವರ ಜಿಯೋಮೆಟ್ರಿ ಎಂಜಿನ್ ಕೂಡ ಇತ್ತು. ಅದರಿಂದ ಮುಂದೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ಬಂತು. ಆ ಪ್ರಯೋಗವೇ 1981ರಲ್ಲಿ ಮೋಸಿಸ್ ಎಂಬ ಕಾಯಂ ಸೇವೆಯಾಯಿತು, ಅಮೆರಿಕ ಸರ್ಕಾರ ಅದಕ್ಕೆ ಹಣ ಕೊಟ್ಟಿತು. ಬರ್ಕ್‌ಲಿಯ ಡೇವಿಡ್ ಪ್ಯಾಟರ್ಸನ್ ಅವರ ವಿದ್ಯಾರ್ಥಿಗಳು ತರಗತಿಯ ಕೆಲಸವಾಗಿ ಶುರುಮಾಡಿದ ರಿಸ್ಕ್-1 ಪ್ರೊಸೆಸರ್ 44,420 ಟ್ರಾನ್ಸಿಸ್ಟರುಗಳದ್ದು. ಅದೇ ಪರಂಪರೆಯ ಐದನೆಯ ಕುಡಿ 2010ರಲ್ಲಿ ಅದೇ ಕ್ಯಾಂಪಸ್ಸಿನಲ್ಲಿ ಹುಟ್ಟಿದ ರಿಸ್ಕ್-ಫೈವ್. ಯಾರು ಬೇಕಾದರೂ ಬಳಸಬಹುದಾದ ಆ ರಚನೆಯ ಮೇಲೆ ನಮ್ಮ ಮದ್ರಾಸ್ ಐಐಟಿಯವರು ಶಕ್ತಿ ಪ್ರೊಸೆಸರುಗಳನ್ನು ಕಟ್ಟಿದರು. ಮೊದಲು ಅಮೆರಿಕದ ಇಂಟೆಲ್ ಫ್ಯಾಬಿನಲ್ಲಿ, ಆಮೇಲೆ ನಮ್ಮದೇ ಮೊಹಾಲಿಯಲ್ಲಿ ಅವು ಸಿಲಿಕಾನಾದವು.

ಮೊಹಾಲಿ ಎಂದಾಗ ಎದೆ ಭಾರವಾಗುತ್ತದೆ, ಹೆಮ್ಮೆಯೂ ಆಗುತ್ತದೆ. ಚಂಡೀಗಢದ ಪಕ್ಕದ ಆ ಊರಿನಲ್ಲಿ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1984ರಲ್ಲಿ 5 ಮೈಕ್ರಾನ್ ತಂತ್ರಜ್ಞಾನದಲ್ಲಿ ಉತ್ಪಾದನೆ ಶುರುಮಾಡಿತು. 1989ರ ಫೆಬ್ರವರಿ 7ರಂದು ಬೆಂಕಿ ಬಿದ್ದು ಫ್ಯಾಬ್ ಸುಟ್ಟುಹೋಯಿತು. ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು; ಆ ವರ್ಷಗಳಲ್ಲೇ ಬೇರೆ ದೇಶಗಳು ಮುಂದೆ ಓಡಿದವು. 2006ರಲ್ಲಿ ಅದು ಬಾಹ್ಯಾಕಾಶ ಇಲಾಖೆಗೆ ಸೇರಿ, ಉಪಗ್ರಹ ಮತ್ತು ರಾಕೆಟ್ಟುಗಳಿಗೆ ಬೇಕಾದ ಚಿಪ್‌ಗಳನ್ನು ಮಾಡಿಕೊಡುತ್ತಾ ಉಳಿಯಿತು. 2022ರಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯಕ್ಕೆ ಬಂತು. ಈಗ ಅಲ್ಲಿರುವುದು 180 ನ್ಯಾನೊಮೀಟರ್. ಮೊಬೈಲಿನ ಪ್ರೊಸೆಸರಿಗೆ ಅದು ಹಳತು. ವಿದ್ಯಾರ್ಥಿಗೆ ಅದು ಹಳತಲ್ಲ. ಸೆನ್ಸರಿಗೆ, ಪವರ್ ಸರ್ಕ್ಯೂಟಿಗೆ, ಆಗ ಹೇಳಿದ ಆ ಇಸಿಜಿ ಆಂಪ್ಲಿಫೈಯರಿಗೆ ಅದು ಹೇಳಿ ಮಾಡಿಸಿದ್ದು.

ಈಚಿನ ವರ್ಷಗಳಲ್ಲಿ ಬಾಗಿಲು ತೆರೆದಿದೆ ಎನ್ನುವುದನ್ನು ಸಂತೋಷದಿಂದ ಹೇಳುತ್ತೇನೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೊದಲ ಸೆಮಿಕಾನ್ ಇಂಡಿಯಾ ಸಮ್ಮೇಳನ 2022ರ ಏಪ್ರಿಲ್ 29ರಂದು ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿಯೇ. ಆಮೇಲೆ ಗಾಂಧಿನಗರ, ಗ್ರೇಟರ್ ನೋಯ್ಡಾ, ದೆಹಲಿ. ಗುಜರಾತಿನ ಧೋಲೇರಾದಲ್ಲಿ ಟಾಟಾ ಫ್ಯಾಬ್, ಸಾನಂದದಲ್ಲಿ ಮೈಕ್ರಾನ್ ಮತ್ತು ಮೈಸೂರಿನ ಕೇನ್ಸ್ ಕಂಪನಿಯ ಘಟಕಗಳು, ಅಸ್ಸಾಮಿನ ಜಾಗಿರೋಡಿನಲ್ಲಿ ಜೋಡಣೆ ಘಟಕ: ಇವೆಲ್ಲ ನಿಮಗೆ ಗೊತ್ತಿರುವ ಸುದ್ದಿ. ಇವುಗಳ ಪಕ್ಕದಲ್ಲಿ ಸದ್ದಿಲ್ಲದೆ ನಡೆಯುತ್ತಿರುವ ಇನ್ನೊಂದು ಕೆಲಸದ ಹೆಸರು ಚಿಪ್ಸ್ ಟು ಸ್ಟಾರ್ಟಪ್. ಐದು ವರ್ಷದಲ್ಲಿ 85,000 ಎಂಜಿನಿಯರುಗಳನ್ನು ತಯಾರು ಮಾಡುವುದು ಅದರ ಗುರಿ. ದುಬಾರಿ ವಿನ್ಯಾಸ ಸಾಫ್ಟ್‌ವೇರನ್ನು ದೇಶದ ಆಯ್ದ ಕಾಲೇಜುಗಳಿಗೆ ಹಂಚುವ, ಅವರ ವಿನ್ಯಾಸಗಳನ್ನು ಒಟ್ಟುಮಾಡಿ ಮೊಹಾಲಿಗೆ ಕಳಿಸುವ ಚಿಪ್‌ಇನ್ ಕೇಂದ್ರ ಇರುವುದು ಬೆಂಗಳೂರಿನ ಸಿ-ಡಾಕ್‌ನಲ್ಲಿ. 2025ರ ಸೆಪ್ಟೆಂಬರಿನಲ್ಲಿ ದೆಹಲಿಯ ಸಮ್ಮೇಳನದ ಹೊತ್ತಿಗೆ ಮೊಹಾಲಿಯಲ್ಲಿ ವಿದ್ಯಾರ್ಥಿಗಳ ಚಿಪ್‌ಗಳು ತಯಾರಾಗಿ ಬಂದಿದ್ದವು; ಇಸ್ರೋಗಾಗಿ ಅಲ್ಲಿಯೇ ಮಾಡಿದ ವಿಕ್ರಂ 3201 ಪ್ರೊಸೆಸರನ್ನು ಪ್ರಧಾನಿಗೆ ಕೊಟ್ಟದ್ದೂ ಆ ವೇದಿಕೆಯಲ್ಲೇ. ಇನ್ನು ಫ್ಯಾಬಿನ ಒಳಗೇ ಕೈಯಾಡಿಸಬೇಕೆನ್ನುವ ವಿದ್ಯಾರ್ಥಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದ ಕ್ಲೀನ್‌ರೂಮ್ ಇದೆ. ಹೊರಗಿನ ಕಾಲೇಜಿನವರೂ ಬಂದು ತರಬೇತಿ ಪಡೆದು ಅಲ್ಲಿ ಕೆಲಸ ಮಾಡಬಹುದಾದ ಯೋಜನೆ ಹಲವು ವರ್ಷಗಳಿಂದ ನಡೆಯುತ್ತಿದೆ.

ಹಾಗಾದರೆ ಸರ್ಕಾರವೇ ಮಾಡುತ್ತಿರುವಾಗ ಸಮ್ಮೇಳನದ ಸ್ಪರ್ಧೆಗೆ ಏನು ಕೆಲಸ? ಬಹಳ ಇದೆ. ಸರ್ಕಾರದ ಯೋಜನೆ ಸಂಸ್ಥೆಗಳನ್ನು ಆರಿಸುತ್ತದೆ. ಸ್ಪರ್ಧೆ ವಿದ್ಯಾರ್ಥಿಯನ್ನು ಆರಿಸುತ್ತದೆ. ಯೋಜನೆಯ ಪಟ್ಟಿಯಲ್ಲಿಲ್ಲದ ಕಾಲೇಜಿನಲ್ಲಿ, ಒಬ್ಬರೇ ಅಧ್ಯಾಪಕರ ಆಸರೆಯಲ್ಲಿ ಒಳ್ಳೆಯ ಕೆಲಸ ಮಾಡಿದವಳನ್ನು ಹುಡುಕಿ ತೆಗೆಯಲು ಪೋಸ್ಟರ್ ಸಾಲಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಜೊತೆಗೆ ಸಮ್ಮೇಳನದಲ್ಲಿ ಉದ್ಯಮದವರಿದ್ದಾರೆ.

ಉದ್ಯಮದ ವಿಷಯಕ್ಕೆ ಬಂದರೆ ಅಮೆರಿಕದ ಇನ್ನೊಂದು ಅನುಭವ ನೆನಪಾಗುತ್ತದೆ. 1982ರಲ್ಲಿ ಜಪಾನಿನ ಮೆಮೊರಿ ಚಿಪ್‌ಗಳ ಎದುರು ಸೋಲುತ್ತಿದ್ದ ಅಮೆರಿಕದ ಕಂಪನಿಗಳು, ಮಾರುಕಟ್ಟೆಯಲ್ಲಿ ಒಬ್ಬರನ್ನೊಬ್ಬರು ಸಹಿಸದವರು, ಸೇರಿ ಸೆಮಿಕಂಡಕ್ಟರ್ ರಿಸರ್ಚ್ ಕಾರ್ಪೊರೇಷನ್ ಕಟ್ಟಿದವು. ಅದರ ಹಣ ಹೋದದ್ದು ವಿಶ್ವವಿದ್ಯಾಲಯಗಳಿಗೆ. ಅದು ನಡೆಸುವ ಟೆಕ್‌ಕಾನ್ ಸಮ್ಮೇಳನದಲ್ಲಿ ಮಾತಾಡುವವರು ಮುಖ್ಯವಾಗಿ ವಿದ್ಯಾರ್ಥಿಗಳು, ಕೇಳಲು ಕೂರುವವರು ಸದಸ್ಯ ಕಂಪನಿಗಳ ಎಂಜಿನಿಯರುಗಳು. ಅಷ್ಟೇ ಅಲ್ಲ, ಹಣ ಕೊಟ್ಟ ಯೋಜನೆಗಳ ಜೊತೆಗೆ ಕಂಪನಿಯ ಎಂಜಿನಿಯರೊಬ್ಬರು ಸಲಹೆಗಾರರಾಗಿ ನಡೆಯುತ್ತಾರೆ. ನನಗೆ ಇಷ್ಟವಾಗುವುದು ಈ ಕೊನೆಯ ಅಂಶ. ಕಂಪನಿಯ ಹಣಕ್ಕಿಂತ ಅಲ್ಲಿ ಇಪ್ಪತ್ತು ವರ್ಷ ಚಿಪ್ ಟೇಪ್‌ಔಟ್ ಮಾಡಿದವರ, ಅಂದರೆ ವಿನ್ಯಾಸ ಮುಗಿಸಿ ಫ್ಯಾಬಿಗೆ ಕಳಿಸಿದವರ, ಒಂದು ಮಧ್ಯಾಹ್ನ ಇಸಿಜಿ ಪಟ್ಟಿಯ ಕನಸಿನ ಆ ವಿದ್ಯಾರ್ಥಿನಿಗೆ ಹೆಚ್ಚು ಬೆಲೆಯುಳ್ಳದ್ದು. “ಈ ಪ್ಯಾಡ್ ರಿಂಗಿನಲ್ಲಿ ಸಪ್ಲೈ ಪ್ಯಾಡ್ ಕಡಿಮೆಯಾಯಿತು”, “ಇಲ್ಲಿ ಒಂದು ಟೆಸ್ಟ್ ಪಾಯಿಂಟ್ ಹೊರಗೆ ತಾ, ಆಮೇಲೆ ಅಳೆಯುವಾಗ ಬೇಕಾಗುತ್ತದೆ” ಎಂಬಂಥ ಮಾತುಗಳು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಬೆಂಗಳೂರಿನಲ್ಲಿ ಅಂಥವರು ಸಾವಿರಗಟ್ಟಲೆ ಇದ್ದಾರೆ. ಅವರಲ್ಲಿ ಕನ್ನಡ ಮಾತಾಡುವವರೂ ಬೇಕಾದಷ್ಟು. ತುಮಕೂರಿನ, ಹಾಸನದ ವಿದ್ಯಾರ್ಥಿಗೆ ಇಂಗ್ಲಿಷಿನಲ್ಲಿ ಕೇಳಲು ಹಿಂಜರಿಕೆಯಾದ ಪ್ರಶ್ನೆಯನ್ನು ಅವರ ಮುಂದೆ ಕೇಳಬಹುದು.

ಈಗ ನನ್ನ ಕೋರಿಕೆ. ಸ್ಪರ್ಧೆಗೆ ಬರಲು ಚಿಪ್ ಇರಲೇಬೇಕೆಂಬ ನಿಯಮ ಬೇಡ. ಐಎಸ್‌ಎಸ್‌ಸಿಸಿ ಎಂಬ ದೊಡ್ಡ ಸಮ್ಮೇಳನಕ್ಕೆ ಅಳೆದ ಫಲಿತಾಂಶವಿಲ್ಲದೆ ಪ್ರಬಂಧ ಕಳಿಸುವ ಧೈರ್ಯ ಯಾರೂ ಮಾಡುವುದಿಲ್ಲ. ಅದು ಅಲ್ಲಿಗೆ ಸರಿ. ಇಲ್ಲಿ ಹಾಗೆ ಮಾಡಿದರೆ ಈಗಾಗಲೇ ಅನುಕೂಲವಿರುವ ಸಂಸ್ಥೆಗಳ ವಿದ್ಯಾರ್ಥಿಗಳಷ್ಟೇ ಉಳಿಯುತ್ತಾರೆ. ಮೊದಲ ಸುತ್ತು ವಿನ್ಯಾಸದ ಮೇಲೆ ನಡೆಯಲಿ. ಗೆದ್ದ ಐದಾರು ಮಂದಿಗೆ ಶಟಲ್‌ನಲ್ಲಿ ಜಾಗ, ಒಬ್ಬೊಬ್ಬರಿಗೆ ಒಬ್ಬೊಬ್ಬ ಕಂಪನಿ ಎಂಜಿನಿಯರ್, ಅಳೆಯಲು ಒಂದು ಲ್ಯಾಬ್ ಕೊಡಿ. ಮುಂದಿನ ಜನವರಿಯಲ್ಲಿ ಅವರು ಚಿಪ್ ಹಿಡಿದು ಬರಲಿ, ಎರಡನೆಯ ಸುತ್ತು ಆಗ ನಡೆಯಲಿ.

ಆ ಸುತ್ತಿನಲ್ಲಿ ಕೆಲಸ ಮಾಡದ ಚಿಪ್ಪಿಗೂ ಬಹುಮಾನ ಇರಬೇಕು ಎಂದು ನಾನು ಒತ್ತಾಯಿಸುತ್ತೇನೆ. ಏಕೆ ಕೆಲಸ ಮಾಡಲಿಲ್ಲವೆಂದು ಹುಡುಕಿ ತೆಗೆದವನು, ಚೆನ್ನಾಗಿ ಬಂದ ಚಿಪ್ಪನ್ನು ಅಳೆದವನಿಗಿಂತ ಹೆಚ್ಚು ಕಲಿತಿರುತ್ತಾನೆ. ಅವನ ಟಿಪ್ಪಣಿ ಮುಂದಿನವರಿಗೆ ದಾರಿ ತೋರುತ್ತದೆ. ದೀಪ ಆರಿಸಿದ ಆ ಹುಡುಗನ ಅನುಭವ ಅವನ ಪ್ರಬಂಧದಲ್ಲಿ ಒಂದೇ ಸಾಲು ಆಗಿತ್ತು. ಅದನ್ನು ಎರಡು ಪುಟ ಬರೆದಿದ್ದರೆ ಬೇರೆ ಕಾಲೇಜಿನ ಎಷ್ಟೋ ಮಂದಿಗೆ ವಾರಗಟ್ಟಲೆ ಸಮಯ ಉಳಿಯುತ್ತಿತ್ತು. ಸೋತದ್ದನ್ನು ಬಚ್ಚಿಡುವ ಅಭ್ಯಾಸ ನಮ್ಮ ಪ್ರಯೋಗಾಲಯಗಳಲ್ಲಿ ಆಳವಾಗಿದೆ. ಸ್ಪರ್ಧೆಯೇ ಅದಕ್ಕೆ ಮರ್ಯಾದೆ ಕೊಟ್ಟರೆ ಆ ಅಭ್ಯಾಸ ಸಡಿಲವಾದೀತು.

ಹಣದ ಪ್ರಶ್ನೆ ಬರುತ್ತದೆ. ಟೈನಿ ಟೇಪ್‌ಔಟ್ ಎಂಬ ಯೋಜನೆ 2022ರಿಂದ ನೂರಾರು ಜನರ ಪುಟ್ಟ ವಿನ್ಯಾಸಗಳನ್ನು ಒಂದೇ ಚಿಪ್ಪಿನಲ್ಲಿ ಸೇರಿಸಿ, ಕಾಲೇಜು ವಿದ್ಯಾರ್ಥಿಯೂ ಭರಿಸಬಹುದಾದ ಬೆಲೆಗೆ ಕೊಡುತ್ತಿದೆ. ಒಬ್ಬರಿಗೆ ಸಿಗುವ ಜಾಗ ಸುಮಾರು 160 ಮೈಕ್ರಾನ್ ಉದ್ದ, 100 ಮೈಕ್ರಾನ್ ಅಗಲ. ಕಲಿಯಲು ಅದು ಸಾಕು. ಆದರೆ ಆ ಯೋಜನೆ ಆಶ್ರಯಿಸಿದ್ದ ಇಫ್ಯಾಬ್‌ಲೆಸ್ ಎಂಬ ಅಮೆರಿಕದ ಕಂಪನಿ 2025ರಲ್ಲಿ ಮುಚ್ಚಿಹೋದಾಗ ಚಿಪ್‌ಗಾಗಿ ಕಾಯುತ್ತಿದ್ದವರು ಕಂಗಾಲಾದರು. ಮೊಹಾಲಿಯಂಥ ನಮ್ಮದೇ ಜಾಗ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಾದ ಬೇಕಿಲ್ಲ.

ಕನ್ನಡ ನಾಡಿನಲ್ಲಿ ದತ್ತಿ ಇಡುವುದು ಹಳೆಯ ಪದ್ಧತಿ. ತಂದೆಯ ಹೆಸರಿನಲ್ಲಿ, ಗುರುವಿನ ಹೆಸರಿನಲ್ಲಿ ಒಂದು ಮೊತ್ತ ಇಟ್ಟು, ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸ, ಒಂದು ಪುಸ್ತಕ ಬಹುಮಾನ, ಒಂದು ಚಿನ್ನದ ಪದಕ. ಇಂದು ನಾವಿಲ್ಲಿ ಸೇರಿರುವುದೂ ಅಂಥ ಒಂದು ಕುಟುಂಬದ ಔದಾರ್ಯದಿಂದ. ಎಂಜಿನಿಯರಿಂಗಿನಲ್ಲಿ ಗಳಿಸಿದ ನಮ್ಮ ಊರಿನ ಎಷ್ಟೋ ಜನ ಬೆಂಗಳೂರಿನಲ್ಲಿ, ಸ್ಯಾನ್ ಹೋಸೆಯಲ್ಲಿ, ಆಸ್ಟಿನ್ನಿನಲ್ಲಿ ಇದ್ದಾರೆ. ಅವರಲ್ಲಿ ಒಬ್ಬರು ತಮ್ಮ ಹಳೆಯ ಕಾಲೇಜಿನ ಹೆಸರಿನಲ್ಲಿ ಅಂಥ ದತ್ತಿ ಇಡಲಿ. ಬಡ್ಡಿಯಿಂದ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯ ಶಟಲ್ ಜಾಗ, ಪ್ಯಾಕೇಜಿಂಗ್, ಅಳೆಯುವ ಬೋರ್ಡು ನಡೆಯಲಿ. ಚಿನ್ನದ ಪದಕದ ಬದಲಿಗೆ ಇದನ್ನು ಕೊಡಿ ಎಂದು ಕೈಮುಗಿದು ಕೇಳುತ್ತೇನೆ.

ಕೊನೆಗೆ ಒಂದು ಲೆಕ್ಕಾಚಾರದ ವಿಷಯ. ಇದನ್ನು ಸರಿಮಾಡದಿದ್ದರೆ ಮೇಲೆ ಹೇಳಿದ್ದೆಲ್ಲ ಕಾಗದದಲ್ಲಿ ಉಳಿದೀತು. ಎಂ.ಟೆಕ್ ಎರಡೇ ವರ್ಷ. ಜನವರಿಯಲ್ಲಿ ಗೆದ್ದ ವಿದ್ಯಾರ್ಥಿ ಸಾಮಾನ್ಯವಾಗಿ ಎರಡನೆಯ ವರ್ಷದಲ್ಲಿರುತ್ತಾನೆ. ವಿನ್ಯಾಸ ತಿದ್ದಿ ಶಟಲ್ಲಿಗೆ ಕಳಿಸಿ, ವೇಫರ್ ಬಂದು, ಕತ್ತರಿಸಿ, ಪ್ಯಾಕೇಜ್ ಆಗಿ ಬರುವ ಹೊತ್ತಿಗೆ ಅವನು ಯಾವುದೋ ಕಂಪನಿಗೆ ಸೇರಿಬಿಟ್ಟಿರುತ್ತಾನೆ. ಚಿಪ್ ಕೊರಿಯರಿನಲ್ಲಿ ವಿಭಾಗದ ಕಚೇರಿಗೆ ಬಂದು ಕಪಾಟಿನಲ್ಲಿ ಕೂರುತ್ತದೆ. ಹಾಗೆ ಅಳೆಯದೆ ಉಳಿದ ಚಿಪ್‌ಗಳನ್ನು ನಾನು ಒಂದಕ್ಕಿಂತ ಹೆಚ್ಚು ಕಾಲೇಜುಗಳಲ್ಲಿ ನೋಡಿದ್ದೇನೆ. ಆದ್ದರಿಂದ ಸ್ಪರ್ಧೆಯ ಅರ್ಜಿಯಲ್ಲೇ ಇಬ್ಬರ ಹೆಸರು ಕೇಳಬೇಕು: ವಿನ್ಯಾಸ ಮಾಡಿದ ಹಿರಿಯ ವಿದ್ಯಾರ್ಥಿ, ಅದೇ ವಿಭಾಗದ ಮೊದಲ ವರ್ಷದ ಒಬ್ಬ ಕಿರಿಯ. ಟೇಪ್‌ಔಟ್ ದಿನದಿಂದ ಇಬ್ಬರೂ ಜೊತೆಯಲ್ಲಿ ಕೂರಲಿ. ಅಳೆಯುವ ಬೋರ್ಡನ್ನು ಕಿರಿಯನೇ ಮಾಡಲಿ. ಚಿಪ್ ಬಂದಾಗ ಹಿರಿಯ ಶನಿವಾರ ಭಾನುವಾರ ಬಂದು ಸೇರಬಹುದು. ಮುಂದಿನ ಜನವರಿಯ ಪೋಸ್ಟರ್ ಪಕ್ಕದಲ್ಲಿ ನಿಲ್ಲುವ ಹಕ್ಕು ಇಬ್ಬರಿಗೂ ಇರಲಿ, ಪ್ರಯಾಣದ ಖರ್ಚು ಇಬ್ಬರದೂ ಸಮ್ಮೇಳನವೇ ಕೊಡಲಿ. ಈ ವರ್ಷದ ಅರ್ಜಿ ನಮೂನೆ ಅಚ್ಚಾಗುವ ಮೊದಲೇ ಇದನ್ನು ಸೇರಿಸಬಹುದು.